ಸೊಸೆ ಬಂದಳು, ಕಾರ್ಡು ಬಂತೇ?

ಮದುವೆ ಗೊತ್ತಾದ ಮನೆಯಲ್ಲಿ ಒಂದು ಪಟ್ಟಿ ತಯಾರಾಗುತ್ತದೆ. ಮಂಟಪ ಯಾವುದು? ಅಡುಗೆಯವರು ಯಾರು? ವಾಲಗದವರಿಗೆ ಮುಂಗಡ ಕೊಟ್ಟಾಯಿತೇ? ಮದುಮಗನ ಕುಪ್ಯ ಹೊಲಿಸಿದ್ದಾಯಿತೇ? ಗೋಣಿಕೊಪ್ಪಲಿನ ಪೇಟೆಯಲ್ಲಿ ಯಾರನ್ನು ನಿಲ್ಲಿಸಿ ಕೇಳಿದರೂ ಈ ಪಟ್ಟಿಯನ್ನು ತಡವರಿಸದೆ ಒಪ್ಪಿಸಿಯಾರು. ಒಂದು ಸಾಲು ಮಾತ್ರ ಅದರಲ್ಲಿ ಇರುವುದಿಲ್ಲ. ಮನೆಗೆ ಹೊಸದಾಗಿ ಬರುವವರ ಆರೋಗ್ಯ ವಿಮೆಯ ಸಾಲು.

ಈ ಹೊತ್ತಿನ ನನ್ನ ಮಾತು ಆ ಒಂದು ಸಾಲಿನ ಬಗ್ಗೆ.

ನಮ್ಮ ದಕ್ಷಿಣ ಕೊಡಗಿಗೆ ಮದುವೆಯಾಗಿ ಬರುವವರು ಎಲ್ಲೆಲ್ಲಿಂದಲೋ ಬರುತ್ತಾರೆ. ಕುಟ್ಟದ ಗಡಿ ದಾಟಿ ವಯನಾಡಿನಿಂದ ಬರುತ್ತಾರೆ. ಮಾಕುಟ್ಟದ ಘಾಟಿ ಹತ್ತಿ ಕಣ್ಣೂರಿನ ಕಡೆಯಿಂದ ಬರುತ್ತಾರೆ. ಮೈಸೂರು, ಮಂಗಳೂರಿನಿಂದ ಬರುತ್ತಾರೆ. ತೋಟದ ಲೈನ್ ಮನೆಗಳಿಗೆ ಅಸ್ಸಾಮಿನಿಂದ ಬರುತ್ತಾರೆ. ಅಪರೂಪಕ್ಕೆ ಹೊರದೇಶದಿಂದಲೂ ಬರುತ್ತಾರೆ. ನಮ್ಮ ಮಕ್ಕಳೂ ಮದುವೆಯಾಗಿ ಹೊರದೇಶಕ್ಕೆ ಹೋಗುತ್ತಾರೆ. ನಾನು ಸೊಸೆ ಎನ್ನುತ್ತಿದ್ದರೂ ಮಾವನ ಮನೆಗೆ ಬಂದು ನೆಲೆಸಿದ ಅಳಿಯನಿಗೂ ಇದು ಅಷ್ಟೇ ಅನ್ವಯ.

ಬಂದ ದಿನ ಎಲ್ಲರಿಗೂ ನೆನಪಿರುತ್ತದೆ. ವಿಮೆಯ ಕಾಗದದಲ್ಲಿ ಹೆಸರು ಸೇರಿದ ದಿನ ಬೇರೆ. ಇವೆರಡರ ನಡುವೆ ಒಂದು ತೆರಪು ಬೀಳುತ್ತದೆ. ಕೆಲವರಿಗೆ ಅದು ಒಂದು ತಿಂಗಳು. ಕೆಲವರಿಗೆ ವರ್ಷಗಟ್ಟಲೆ. ಜ್ವರ, ಅಪಘಾತ, ಹೆರಿಗೆ ಇವು ತೆರಪು ಮುಗಿಯಲಿ ಎಂದು ಕಾಯುವುದಿಲ್ಲ. ಈ ತೆರಪು ಎಲ್ಲಿ ಹುಟ್ಟುತ್ತದೆ, ಹೇಗೆ ಕಿರಿದಾಗಿಸಬಹುದು, ಇಷ್ಟನ್ನೇ ನೋಡೋಣ.

ಮೊದಲು ತೋಟದ ಲೈನ್ ಮನೆಗೆ ಹೋಗೋಣ.

ಕಾಫಿ ಕೊಯ್ಲಿಗೆಂದು ಅಸ್ಸಾಮಿನಿಂದ ಬಂದವರಲ್ಲಿ ಅನೇಕರು ಈಗ ವರ್ಷವಿಡೀ ಇಲ್ಲೇ ಇದ್ದಾರೆ. ಕೊಯ್ಲು ಮುಗಿದರೆ ಮರಗಸಿ, ಮರಗಸಿ ಮುಗಿದರೆ ಮೆಣಸು, ಆಮೇಲೆ ಕಳೆ. ಮೊದಲು ಹುಡುಗರು ಬಂದರು. ಒಂದೆರಡು ಕೊಯ್ಲು ಕಳೆದ ಮೇಲೆ ಊರಿಗೆ ಹೋಗಿ ಮದುವೆಯಾಗಿ ಹೆಂಡತಿಯನ್ನು ಕರೆತಂದರು. ರೈಲು, ಬಸ್ಸು, ಮತ್ತೆ ತೋಟದ ಜೀಪು. ಆ ಹೆಣ್ಣುಮಗಳಿಗೆ ಭಾಷೆ ಹೊಸದು, ಜಿಗಣೆ ಹೊಸದು, ಜೂನ್ ತಿಂಗಳ ಚಳಿ ಮಳೆ ಹೊಸದು.

ಆಸ್ಪತ್ರೆಯೊಂದರಲ್ಲಿ ಇಂಥ ದಂಪತಿಯನ್ನು ನೋಡಿದ್ದೇನೆ. ಸರ್ಕಾರಿ ವಿಮೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರ ಮೇಜಿನ ಮುಂದೆ ನಿಂತಿದ್ದರು. ಹುಡುಗಿ ಹೊಟ್ಟೆ ಹಿಡಿದುಕೊಂಡಿದ್ದಳು. ಹುಡುಗನ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಅವನ ಆಧಾರ್, ಅದಕ್ಕೆ ತೋಟದ ವಿಳಾಸ. ಅವಳ ಆಧಾರ್, ಅದಕ್ಕೆ ಅಸ್ಸಾಮಿನ ಹಳ್ಳಿಯ ವಿಳಾಸ, ಅಸ್ಸಾಮಿ ಲಿಪಿ. ಮತ್ತೊಂದು ಪಾಸ್‌ಪುಸ್ತಕ. ಅಷ್ಟೇ. ‘ಆಯುಷ್ಮಾನ್ ಕಾರ್ಡು ಇದೆಯಾ?’ ಎಂದು ಮೇಜಿನ ಆಚೆಯವರು ಕೇಳಿದರು. ಇದೆ, ಆದರೆ ಊರಲ್ಲಿ, ಅತ್ತೆಯ ಪೆಟ್ಟಿಗೆಯಲ್ಲಿ. ಕೊನೆಗೆ ಊರಿಗೆ ಫೋನು ಹೋಯಿತು. ಯಾರೋ ನೆರೆಮನೆಯ ಹುಡುಗ ಕಾರ್ಡಿನ ಫೋಟೋ ಕಳಿಸಿದ. ಕಾರ್ಡಿನ ಸಂಖ್ಯೆ ಹಾಕಿದರು, ಹೆಸರು ಸಿಕ್ಕಿತು.

ಈ ಕಾರ್ಡು ಅಲ್ಲಿಯದು, ಇಲ್ಲಿ ನಡೆಯುವುದಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಆಯುಷ್ಮಾನ್ ಭಾರತ್ ಯೋಜನೆ 2018ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ. ಈ ಕಾರ್ಡು ರಾಜ್ಯದ ಗಡಿ ದಾಟಿದರೂ ನಡೆಯುತ್ತದೆ. ಅಸ್ಸಾಮಿನಲ್ಲಿ ಮಾಡಿಸಿದ ಕಾರ್ಡಿಗೆ ಕರ್ನಾಟಕದಲ್ಲಿ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆ ಆ ಯೋಜನೆಯಡಿ ನೋಂದಾಯಿತವಾಗಿರಬೇಕು, ಅಷ್ಟೇ. ಖಾಸಗಿ ವಿಮೆಯಂತೆ ಇಲ್ಲಿ ಕಾಯುವ ಅವಧಿ ಇಲ್ಲ. ಮೊದಲೇ ಇದ್ದ ಕಾಯಿಲೆಗೂ ಮೊದಲ ದಿನದಿಂದಲೇ ಅನ್ವಯ. ಮನೆಯಲ್ಲಿ ಎಷ್ಟು ಜನ, ಯಾರ ವಯಸ್ಸು ಎಷ್ಟು ಎಂಬ ಮಿತಿಯೂ ಇಲ್ಲ.

ಹಾಗಾಗಿ ತೋಟದ ಮಾಲೀಕರಿಗೆ, ರೈಟರ್‌ಗಳಿಗೆ, ಮೇಸ್ತ್ರಿಗಳಿಗೆ ನನ್ನ ವಿನಂತಿ ಇದು. ಹುಡುಗ ಮದುವೆಗೆಂದು ರಜೆ ಕೇಳಲು ಬಂದಾಗಲೇ ಹೇಳಿ ಕಳಿಸಿ. ಹೆಂಡತಿಯ ಹೆಸರಲ್ಲಿ ಕಾರ್ಡು ಅಲ್ಲೇ ಮಾಡಿಸಿಕೊಂಡು ಬಾ. ಮದುವೆಯ ನೋಂದಣಿ ಅಲ್ಲೇ ಮುಗಿಸಿಕೊಂಡು ಬಾ. ಎರಡನ್ನೂ ಜೊತೆಯಲ್ಲಿ ತಾ. ರೈಲು ಹತ್ತಿದ ಮೇಲೆ ಈ ಕೆಲಸ ಹತ್ತು ಪಾಲು ಕಷ್ಟ.

ತೋಟದವರ ಹೊಣೆ ಇಷ್ಟಕ್ಕೇ ಮುಗಿಯುವುದಿಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆಯ ಕಾಲದಿಂದಲೂ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯ ಕೊಡುವುದು ಮಾಲೀಕನ ಕರ್ತವ್ಯ. 2010ರಲ್ಲಿ ಆದ ತಿದ್ದುಪಡಿಯಿಂದ ಕುಟುಂಬದ ಲೆಕ್ಕದಲ್ಲಿ ಗಂಡು, ಹೆಣ್ಣು ಎಂಬ ಭೇದವೂ ಹೋಯಿತು. ಹೆಂಡತಿ ತೋಟದಲ್ಲಿ ಕೆಲಸಕ್ಕಿದ್ದು ಗಂಡ ಆಮೇಲೆ ಬಂದರೂ ಅವನು ಕುಟುಂಬದವನೇ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ ಕಾಯಿದೆ ಅವುಗಳಲ್ಲಿ ಸೇರಿಹೋಯಿತು. ಈ ಹೊಣೆ ಉಳಿದಿದೆ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಹಳೆಯ ಕಾಯಿದೆ ಸುಮಾರು 12 ಎಕರೆ ದಾಟಿದ, ಹದಿನೈದು ಆಳುಗಳಿದ್ದ ತೋಟಗಳಿಗೆ ಬರೆದದ್ದು. ನಮ್ಮಲ್ಲಿ ಬಹುಪಾಲು ಸಣ್ಣ ಬೆಳೆಗಾರರು. ಎಂಟು ಎಕರೆಯ ತೋಟದ ಲೈನ್ ಮನೆಗೆ ಬಂದ ಹೆಣ್ಣುಮಗಳಿಗೆ ಆ ಕಾಯಿದೆ ತಲುಪಲೇ ಇಲ್ಲ. ಅಂಥವರಿಗೆ ಆಯುಷ್ಮಾನ್ ಕಾರ್ಡೇ ಗತಿ.

ಇನ್ನೊಂದು ಸಣ್ಣ ವಿಷಯ. ಹೊಸದಾಗಿ ಬಂದವಳು ಗರ್ಭಿಣಿಯಾದರೆ ಯಾವ ವಿಮೆಗೂ ಕಾಯಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡು ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ. ಸಿಸೇರಿಯನ್ ಆದರೂ ಉಚಿತ. ಊರು ಯಾವುದು ಎಂದು ಕೇಳಿ ಯಾರೂ ವಾಪಸು ಕಳಿಸುವಂತಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಬೇರೆ ರಾಜ್ಯದ ಆಯುಷ್ಮಾನ್ ಕಾರ್ಡು ಇಲ್ಲೂ ನಡೆಯುತ್ತದೆ. ಆದ್ದರಿಂದ ಬರುವ ಮೊದಲೇ ಮಾಡಿಸಿಕೊಂಡು ಬರಬೇಕು. ಈಗ ಪಡಿತರ ಚೀಟಿಯ ಕಡೆಗೆ ಬರೋಣ. ತೆರಪು ಹೆಚ್ಚಾಗಿ ಹುಟ್ಟುವುದು ಇಲ್ಲೇ.

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಒಂದುಗೂಡಿವೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎ.ಪಿ.ಎಲ್. ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ದರದಲ್ಲಿ ಶೇಕಡ 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಯಾರು ಯಾವ ಗುಂಪು ಎಂದು ತೀರ್ಮಾನವಾಗುವುದು ಪಡಿತರ ಚೀಟಿ ನೋಡಿ.

ಈಗ ಮಾನಂದವಾಡಿಯಿಂದ ಗೋಣಿಕೊಪ್ಪಲಿಗೆ ಮದುವೆಯಾಗಿ ಬಂದ ಹುಡುಗಿಯನ್ನು ನೆನೆಸಿಕೊಳ್ಳಿ. ಕೇರಳದಲ್ಲಿ ಪಡಿತರ ಚೀಟಿಗೆ ಬಣ್ಣ ಇದೆ. ಹಳದಿ, ಗುಲಾಬಿ, ನೀಲಿ, ಬಿಳಿ. ತವರಿನದು ಗುಲಾಬಿ ಕಾರ್ಡು, ಅಂದರೆ ಆದ್ಯತೆಯ ಕುಟುಂಬ. ಗಂಡನ ಮನೆಯದು ಎ.ಪಿ.ಎಲ್. ಹೆಸರು ಇಲ್ಲಿಗೆ ಬಂದ ಕೂಡಲೇ ಅವಳು ಎ.ಪಿ.ಎಲ್. ಲೆಕ್ಕಕ್ಕೆ ಸೇರುತ್ತಾಳೆ. ಇದು ತಪ್ಪಲ್ಲ, ನಿಯಮ. ಆದರೆ ಮನೆಯವರಿಗೆ ಗೊತ್ತಿರಬೇಕು. ಸೊಸೆಗೆ ಸರ್ಕಾರದ ಕಾರ್ಡು ಇದೆಯಲ್ಲ ಎಂದು ಸುಮ್ಮನೆ ಕುಳಿತರೆ ಮೈಸೂರಿನ ಆಸ್ಪತ್ರೆಯಲ್ಲಿ ಬಿಲ್ಲಿನ ಮುಕ್ಕಾಲುವಾಸಿ ಕೈಯಿಂದ ಕೊಡಬೇಕಾಗುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಹೆಸರು ತೆಗೆಸುವುದರಲ್ಲಿದೆ. ಒಬ್ಬರ ಆಧಾರ್ ಎರಡು ಪಡಿತರ ಚೀಟಿಯಲ್ಲಿ ಇರುವಂತಿಲ್ಲ. ಹಾಗಾಗಿ ಅಲ್ಲಿ ತೆಗೆಸಿದ ಪತ್ರ ತಂದರೇ ಇಲ್ಲಿ ಸೇರಿಸುತ್ತಾರೆ. ಮದುವೆಯಾದ ವಾರದಲ್ಲೇ ಉತ್ಸಾಹದಿಂದ ಅಲ್ಲಿ ಹೆಸರು ತೆಗೆಸಿಬಿಡುತ್ತಾರೆ. ಇಲ್ಲಿಗೆ ಬಂದರೆ ಹೊಸ ಹೆಸರು ಸೇರಿಸುವ ಅವಕಾಶ ಸದ್ಯ ಇಲ್ಲ ಎಂಬ ಉತ್ತರ. ನಮ್ಮ ರಾಜ್ಯದಲ್ಲಿ ಪಡಿತರ ಚೀಟಿ ತಿದ್ದುಪಡಿಗೆ ಆಗಾಗ ಕೆಲವು ದಿನ ಮಾತ್ರ ಅವಕಾಶ ಬಿಟ್ಟು, ಮತ್ತೆ ನಿಲ್ಲಿಸಿದ್ದುಂಟು. ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂಬ ಸ್ಥಿತಿಯಲ್ಲಿ ಹುಡುಗಿ ನಿಲ್ಲುತ್ತಾಳೆ. ಆದ್ದರಿಂದ ಮೊದಲು ಇಲ್ಲಿ ವಿಚಾರಿಸಿ. ಆಹಾರ ಇಲಾಖೆಯಲ್ಲಿ, ಇಲ್ಲವೇ ಗ್ರಾಮ ಒನ್ ಕೇಂದ್ರದಲ್ಲಿ ಕೇಳಿ. ತಿದ್ದುಪಡಿ ನಡೆಯುತ್ತಿದೆ ಎಂದು ಖಾತ್ರಿಯಾದ ಮೇಲೆ ತವರಿನಲ್ಲಿ ಹೆಸರು ತೆಗೆಸಿ. ಅಲ್ಲಿಯವರೆಗೆ ಹಳೆಯ ಕಾರ್ಡು ಕೈಯಲ್ಲಿರಲಿ.

ಒಂದು ದೇಶ, ಒಂದು ಪಡಿತರ ಚೀಟಿ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಅದರಿಂದ ಅಕ್ಕಿ ಸಿಗುತ್ತದೆ. ಕರ್ನಾಟಕದ ಆರೋಗ್ಯ ಕಾರ್ಡು ಸಿಗುವುದಿಲ್ಲ.

ಹೆಸರಿನ ವಿಷಯಕ್ಕೆ ಬಂದೆವು, ಇನ್ನೊಂದು ಮಾತು ಹೇಳಿಬಿಡುತ್ತೇನೆ. ಕೊಡವ ಮನೆಗಳಲ್ಲಿ ಮದುವೆಯಾದವಳ ಮನೆಹೆಸರು ಬದಲಾಗುತ್ತದೆ. ಆಮಂತ್ರಣದ ಮೇಲೆ, ಸಂಘದ ಪುಸ್ತಕದಲ್ಲಿ, ಸಮಾಜದ ಪಟ್ಟಿಯಲ್ಲಿ ಹೊಸ ಮನೆಹೆಸರು ತಕ್ಷಣ ಬರುತ್ತದೆ. ಆಧಾರ್‌ನಲ್ಲಿ ತವರಿನ ಮನೆಹೆಸರೇ ಇರುತ್ತದೆ. ಬ್ಯಾಂಕಿನಲ್ಲಿ ಮನೆಹೆಸರೇ ಇಲ್ಲದೆ ಬರೀ ತಂದೆಯ ಹೆಸರು. ಆಸ್ಪತ್ರೆಯ ಚೀಟಿಯಲ್ಲಿ ಗಂಡನ ಹೆಸರು. ವಿಮೆಯವರ ಕಣ್ಣಿಗೆ ಇವರು ನಾಲ್ವರು ಬೇರೆ ಬೇರೆ ಹೆಂಗಸರು. ಇವರೆಲ್ಲ ಒಬ್ಬಳೇ ಎಂದು ಹೇಳುವ ಕಾಗದ ಒಂದೇ. ಮದುವೆ ನೋಂದಣಿ ಪತ್ರ. ಮದುವೆ ನೋಂದಾಯಿಸಲೇಬೇಕು ಎಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. 2024ರಿಂದ ನಮ್ಮ ರಾಜ್ಯದಲ್ಲಿ ಹಿಂದೂ ಮದುವೆಗಳ ನೋಂದಣಿಗೆ ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್ ಅರ್ಜಿಯೂ ಬಂದಿದೆ. ಆದರೂ ಪಾಸ್‌ಪೋರ್ಟ್ ಬೇಕಾದಾಗ ನೋಡಿಕೊಳ್ಳೋಣ ಎಂದು ಬಿಟ್ಟವರೇ ಹೆಚ್ಚು. ಫೋಟೋ ಆಲ್ಬಂಗೆ ಕೊಡುವ ಗಮನದಲ್ಲಿ ಕಾಲುಭಾಗವನ್ನು ಈ ಹಾಳೆಗೆ ಕೊಟ್ಟರೂ ಸಾಕಿತ್ತು.

ಮತ್ತೆ ನೆನಪಿಸುತ್ತೇನೆ. ಹಳೆಯ ಚೀಟಿಯಿಂದ ಹೆಸರು ತೆಗೆಸಲು ಅವಸರ ಬೇಡ. ಮದುವೆ ನೋಂದಣಿಗೆ ತಡ ಬೇಡ.

ಈಗ ಸಹಕಾರ ಸಂಘದವರ ಕಡೆ ಒಂದು ನಿಮಿಷ. ಯಶಸ್ವಿನಿ ಆರೋಗ್ಯ ಯೋಜನೆ ನಮ್ಮ ರೈತರಿಗೆ ಹಳೆಯ ಪರಿಚಯ. 2003ರಲ್ಲಿ ಶುರುವಾಯಿತು, 2018ರಲ್ಲಿ ನಿಂತಿತು, 2022ರ ಹೊತ್ತಿಗೆ ಮತ್ತೆ ಬಂತು. ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಐದನೆಯವರಿಂದ ತಲಾ 100. ಇಲ್ಲಿ ತೆರಪು ಎಲ್ಲಿ? ನೋಂದಣಿ ವರ್ಷಕ್ಕೊಮ್ಮೆ ಮಾತ್ರ. ನೋಂದಣಿ ಮುಗಿದ ಮೇಲೆ ಮದುವೆಯಾದರೆ ಸೊಸೆ ಮುಂದಿನ ಸಲದವರೆಗೆ ಕಾಯಬೇಕು. ನೂರು ರೂಪಾಯಿಯ ಕೆಲಸ. ಸಂಘದ ಕಾರ್ಯದರ್ಶಿಗೆ ಮದುವೆಯ ಕರೆಯೋಲೆ ಕೊಡಲು ಹೋದಾಗಲೇ ಕೊನೆಯ ದಿನಾಂಕ ಕೇಳಿಕೊಂಡು ಬನ್ನಿ.

ಇನ್ನು ನಮ್ಮ ಜಿಲ್ಲೆಯ ವಿಶೇಷ. ಸೇನೆಯಲ್ಲಿ ಇರುವವರು, ಸೇನೆಯಿಂದ ನಿವೃತ್ತರಾದವರು.

ಸೇವೆಯಲ್ಲಿರುವ ಹುಡುಗ ಮದುವೆಯಾದರೆ ಹೆಂಡತಿಗೆ ಮಿಲಿಟರಿ ಆಸ್ಪತ್ರೆಯ ಸೌಲಭ್ಯ ಇದೆ. ಆದರೆ ಮದುವೆಯಾದದ್ದು ಯೂನಿಟ್ಟಿನ ದಾಖಲೆಗೆ ಹೋಗಬೇಕು. ಪಾರ್ಟ್ ಟೂ ಆರ್ಡರ್ ಆಗಬೇಕು. ಹುಡುಗ ರಜೆ ಮುಗಿಸಿ ಗಡಿಗೆ ಹೋದ, ಕಾಗದ ಕೊಟ್ಟನೋ ಇಲ್ಲವೋ ಮನೆಯವರಿಗೆ ಗೊತ್ತಿಲ್ಲ. ಕೇಳಿ. ನಾಚಿಕೆ ಬೇಡ.

ನಿವೃತ್ತರದು ಬೇರೆ ಕಥೆ. 2003ರಿಂದ ಇ.ಸಿ.ಎಚ್.ಎಸ್. ಎಂಬ ಆರೋಗ್ಯ ಯೋಜನೆ ಇದೆ. ಮಾಜಿ ಸೈನಿಕರಿಗೂ ಅವರ ಹೆಂಡತಿಗೂ ಅವಲಂಬಿತ ಮಕ್ಕಳಿಗೂ ಒಳ್ಳೆಯ ಆಸರೆ. ಸುಬೇದಾರ್ ಮಾವನವರು ಸೊಸೆ ಬಂದ ದಿನವೇ ಹೇಳುತ್ತಾರೆ, ‘ನಮ್ಮ ಮನೆಯಲ್ಲಿ ಆಸ್ಪತ್ರೆ ಖರ್ಚಿನ ಚಿಂತೆ ಇಲ್ಲಮ್ಮ’ ಎಂದು. ಪ್ರೀತಿಯ ಮಾತು. ಆದರೆ ಸರಿಯಲ್ಲ. ಸೊಸೆ ಇ.ಸಿ.ಎಚ್.ಎಸ್.ನಲ್ಲಿ ಅವಲಂಬಿತಳಲ್ಲ. ಮಾವನ ಕಾರ್ಡಿನಿಂದ ಅವಳಿಗೆ ಒಂದು ಗುಳಿಗೆಯೂ ಸಿಗುವುದಿಲ್ಲ. ಹಾಗಾಗಿ ಸೈನಿಕರ ಮನೆಗೆ ಬಂದವಳಿಗೂ ಬೇರೆ ವಿಮೆ ಬೇಕು.

ಸರ್ಕಾರಿ ದಾರಿಗಳನ್ನು ಇಲ್ಲಿಯವರೆಗೆ ನೋಡಿದೆವು. ಆಯುಷ್ಮಾನ್, ಪಡಿತರ ಚೀಟಿ, ಯಶಸ್ವಿನಿ, ಸೇನೆ. ಇವು ಯಾವುವೂ ಸಾಲದವರು ಖಾಸಗಿ ವಿಮೆ ಮಾಡಿಸುತ್ತಾರೆ. ಅದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಇಲ್ಲಿಯ ತೆರಪು ಕಣ್ಣಿಗೆ ಕಾಣುವುದಿಲ್ಲ. ಕಾರ್ಡು ಕೈಯಲ್ಲಿರುತ್ತದೆ, ಹಣ ಕಟ್ಟಿರುತ್ತೀರಿ. ಆದರೂ ತೆರಪು ಇರುತ್ತದೆ.

ಮೊದಲನೆಯದಾಗಿ, ಹೊಸ ಪಾಲಿಸಿಯಲ್ಲಿ ಸಾಮಾನ್ಯವಾಗಿ ಮೊದಲ 30 ದಿನ ಅಪಘಾತಕ್ಕೆ ಮಾತ್ರ ಹಣ. ಡೆಂಗಿ ಜ್ವರ ಬಂದರೆ ಇಲ್ಲ. ಹರ್ನಿಯಾ, ಕಲ್ಲು, ಗರ್ಭಕೋಶದ ತೊಂದರೆ ಇಂಥ ಕೆಲವಕ್ಕೆ ಎರಡು ಮೂರು ವರ್ಷ ಕಾಯಬೇಕು. ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ. ಮೊದಲು ಇದು ನಾಲ್ಕು ವರ್ಷ ಇತ್ತು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಇಳಿಸಿತು. ಹೆರಿಗೆ ಖರ್ಚು ಕೊಡುವ ಪಾಲಿಸಿಗಳಲ್ಲೂ ಒಂಬತ್ತು ತಿಂಗಳಿಂದ ಕೆಲವು ವರ್ಷದವರೆಗೆ ಕಾಯಿಸುತ್ತಾರೆ. ಮದುವೆಯಾಗಿ ಎರಡು ವರ್ಷದ ಮೇಲೆ, ಡಾಕ್ಟರು ಸಿಹಿ ಸುದ್ದಿ ಹೇಳಿದ ಮೇಲೆ, ಏಜೆಂಟರಿಗೆ ಫೋನು ಮಾಡಿದರೆ ಉಪಯೋಗವಿಲ್ಲ.

ಗಂಡನಿಗೆ ಆಗಲೇ ಪಾಲಿಸಿ ಇದ್ದರೆ ಹೆಂಡತಿಯನ್ನು ನಡುವೆಯೇ ಸೇರಿಸಲು ಅನೇಕ ಕಂಪನಿಗಳು ಒಪ್ಪುತ್ತವೆ. ಮದುವೆಯಾದ ಇಷ್ಟು ದಿನದೊಳಗೆ ತಿಳಿಸಬೇಕು ಎಂಬ ಷರತ್ತು ಇರುತ್ತದೆ. ಆ ದಿನಗಳು ಕಂಪನಿಯಿಂದ ಕಂಪನಿಗೆ ಬೇರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗರಿಗೆ ಆಫೀಸಿನ ಗುಂಪು ವಿಮೆ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ 30 ದಿನ. ಮದುವೆ, ಊಟ, ನೆಂಟರ ಮನೆ, ಪ್ರವಾಸ ಎಂದು ತಿಂಗಳು ಕಳೆದುಹೋಗುತ್ತದೆ. ಆಮೇಲೆ ಮುಂದಿನ ನವೀಕರಣದವರೆಗೆ ಬಾಗಿಲು ಮುಚ್ಚಿರುತ್ತದೆ.

ಎರಡನೆಯದು ಪ್ರಪೋಸಲ್ ಫಾರಂ. ಅದರಲ್ಲಿ ಕಾಯಿಲೆಗಳ ಉದ್ದ ಪಟ್ಟಿ ಇರುತ್ತದೆ. ಥೈರಾಯ್ಡ್ ಇದೆಯೇ, ಉಬ್ಬಸ ಇದೆಯೇ, ಆಪರೇಷನ್ ಆಗಿದೆಯೇ. ನಮ್ಮ ಕಡೆ ಈ ಫಾರಂ ತುಂಬುವವರು ಯಾರು? ಮಾವನವರ ಪರಿಚಯದ ಏಜೆಂಟರು. ಹಜಾರದಲ್ಲಿ ಕುಳಿತು, ಕಾಫಿ ಕುಡಿಯುತ್ತಾ, ಎಲ್ಲದಕ್ಕೂ ಇಲ್ಲ ಎಂದು ಟಿಕ್ ಹಾಕುತ್ತಾರೆ. ಸೊಸೆ ಒಳಗಿನಿಂದ ಕಾಫಿ ತಂದು ಇಟ್ಟು ಹೋಗುತ್ತಾಳೆ. ಅವಳಿಗೆ ಹದಿನೆಂಟನೇ ವಯಸ್ಸಿನಿಂದ ಥೈರಾಯ್ಡ್ ಮಾತ್ರೆ ನಡೆಯುತ್ತಿದೆ. ಸಂಬಂಧ ನೋಡುವಾಗ ಅದನ್ನು ಹೇಳುವುದು ಬೇಡ ಎಂದು ತವರಿನವರು ಹೇಳಿದ್ದರು. ಈಗ ಹಜಾರದಲ್ಲಿ ಮಾವ, ಅತ್ತೆ, ಏಜೆಂಟರ ಮುಂದೆ ಅವಳು ಹೇಗೆ ಬಾಯಿಬಿಡಬೇಕು? ಫಾರಂಗೆ ಸಹಿ ಮಾತ್ರ ಅವಳದು.

ಎರಡು ವರ್ಷದ ಮೇಲೆ ಆಸ್ಪತ್ರೆ ಸೇರುತ್ತಾಳೆ. ಡಾಕ್ಟರ ಮುಂದೆ ಸುಳ್ಳು ಹೇಳಲಾಗುವುದಿಲ್ಲ. ಕೇಸ್ ಪೇಪರಿನಲ್ಲಿ ‘ಹತ್ತು ವರ್ಷದಿಂದ ಥೈರಾಯ್ಡ್’ ಎಂದು ಬರೆಯುತ್ತಾರೆ. ಆ ಒಂದು ಸಾಲು ಸಾಕು. ಕ್ಲೇಮು ತಿರಸ್ಕಾರ. ವಿಮೆಯವರು ಮೋಸ ಮಾಡಿದರು ಎಂದು ನಾವು ಬೈಯುತ್ತೇವೆ. ಕೆಲವೊಮ್ಮೆ ಅವರು ಬೈಸಿಕೊಳ್ಳಬೇಕಾದವರೇ. ಈ ವಿಷಯದಲ್ಲಿ ಮಾತ್ರ ಅಲ್ಲ.

ಸತತವಾಗಿ ಐದು ವರ್ಷ ಪಾಲಿಸಿ ನಡೆಸಿದ ಮೇಲೆ, ಹಿಂದೆ ಹೇಳಿರಲಿಲ್ಲ ಎಂಬ ಕಾರಣಕ್ಕೆ ಕ್ಲೇಮು ನಿರಾಕರಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಬೇರೆ. ಈ ಅವಧಿಯೂ ಮೊದಲು ಎಂಟು ವರ್ಷ ಇತ್ತು. ಆದರೆ ಐದು ವರ್ಷ ದೇವರ ಮೇಲೆ ಭಾರ ಹಾಕಿ ಕೂರುವುದಕ್ಕಿಂತ ಮೊದಲ ದಿನ ನಿಜ ಬರೆಯುವುದು ಲೇಸು. ನಿಜ ಬರೆದರೆ ಪ್ರೀಮಿಯಂ ಸ್ವಲ್ಪ ಹೆಚ್ಚಾಗಬಹುದು, ಆ ಕಾಯಿಲೆಗೆ ಕಾಯುವ ಅವಧಿ ಬರಬಹುದು. ಉಳಿದದ್ದೆಲ್ಲ ಭದ್ರ. ಹಾಗಾಗಿ ಹಿರಿಯರಲ್ಲಿ ನನ್ನ ಕೋರಿಕೆ: ಫಾರಂ ಸೊಸೆಯ ಕೈಗೆ ಕೊಡಿ. ಗಂಡ ಹೆಂಡತಿ ಇಬ್ಬರೇ ಕುಳಿತು ತುಂಬಲಿ. ಏಜೆಂಟರು ಮರುದಿನ ಬಂದು ತೆಗೆದುಕೊಂಡು ಹೋಗಲಿ.

ಮೂರನೆಯದನ್ನು ಬಹಳ ಜನ ಕೈಯಾರೆ ಕಳೆದುಕೊಳ್ಳುತ್ತಾರೆ. ಹುಡುಗಿ ಮದುವೆಗೆ ಮೊದಲೇ ತಂದೆಯ ಪಾಲಿಸಿಯಲ್ಲಿ ನಾಲ್ಕೈದು ವರ್ಷದಿಂದ ಇರಬಹುದು. ಅವಳ ಕಾಯುವ ಅವಧಿಗಳೆಲ್ಲ ಮುಗಿದಿರುತ್ತವೆ. ಮದುವೆಯಾದ ಮೇಲೆ ತಂದೆಯವರು ಅವಳ ಹೆಸರು ತೆಗೆಸುತ್ತಾರೆ. ಗಂಡನ ಮನೆಯವರು ಹೊಸ ಪಾಲಿಸಿ ಮಾಡಿಸುತ್ತಾರೆ. ಮೀಟರು ಮತ್ತೆ ಸೊನ್ನೆಯಿಂದ. ಹಾಗೆ ಮಾಡಬೇಕಿಲ್ಲ. ಹಳೆಯ ಪಾಲಿಸಿಯಲ್ಲಿ ಕಳೆದ ವರ್ಷಗಳನ್ನು ಹೊಸ ಪಾಲಿಸಿಗೆ ಒಯ್ಯಬಹುದು. ಪೋರ್ಟಬಿಲಿಟಿ ಎನ್ನುತ್ತಾರೆ. ನವೀಕರಣಕ್ಕೆ ಕನಿಷ್ಠ ಒಂದೂವರೆ ತಿಂಗಳು ಮೊದಲು ಅರ್ಜಿ ಕೊಡಬೇಕು. ಬೀಗರು ಬೀಗರ ಜೊತೆ ಮಾತಾಡಬೇಕಾದ ವಿಷಯ ಇದು. ಚಿನ್ನದ ಬಗ್ಗೆ ಮಾತಾಡುವವರು ಇದನ್ನೂ ಮಾತಾಡಬಹುದು.

ಒಂದು ಒಳ್ಳೆಯ ಸುದ್ದಿ. ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳ ಮೇಲೆ ಇದ್ದ ಶೇಕಡ 18 ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಇಲ್ಲ.

ಖಾಸಗಿ ವಿಮೆಯ ಮಾತನ್ನು ಒಟ್ಟುಗೂಡಿಸಿ ಹೇಳುವುದಾದರೆ: ತಿಂಗಳೊಳಗೆ ತಿಳಿಸಿ, ನಿಜ ಬರೆಯಿರಿ, ಹಳೆಯ ಪಾಲಿಸಿ ಬಿಡಬೇಡಿ. ಈಗ ಹೊರದೇಶದ ಕಡೆ ಕಿವಿ ಕೊಡೋಣ.

ಗೋಣಿಕೊಪ್ಪಲಿನ ಹುಡುಗಿ ಅಮೆರಿಕದಲ್ಲಿರುವ ಹುಡುಗನನ್ನು ಮದುವೆಯಾಗುತ್ತಾಳೆ. ಅಲ್ಲಿ ಕಂಪನಿಯ ವಿಮೆಗೆ ಹೆಂಡತಿಯನ್ನು ಸೇರಿಸಲು ಕಾನೂನು ಕೊಡುವ ಅವಧಿ ಮದುವೆಯಾದ ದಿನದಿಂದ 30 ದಿನ. ವಿಮಾನ ಇಳಿದ ದಿನದಿಂದ ಅಲ್ಲ. ವೀಸಾ ಬರಲು ಆರು ತಿಂಗಳು ಆದರೆ ಆ ಬಾಗಿಲು ಮುಚ್ಚಿಹೋಗಿರುತ್ತದೆ. ಕೆಲವು ಕಂಪನಿಗಳು ದೇಶಕ್ಕೆ ಬಂದದ್ದನ್ನೂ ಕಾರಣವಾಗಿ ಒಪ್ಪುತ್ತವೆ, ಎಲ್ಲವೂ ಅಲ್ಲ. ಹುಡುಗ ಮದುವೆಗೆ ರಜೆ ಹಾಕುವ ಮೊದಲೇ ಆಫೀಸಿನಲ್ಲಿ ಕೇಳಿಕೊಳ್ಳಬೇಕು. ಕಂಪನಿಯ ಬಾಗಿಲು ಮುಚ್ಚಿದ್ದರೆ ಸರ್ಕಾರದ ವಿಮಾ ಮಾರುಕಟ್ಟೆ ಇದೆ. ಕಾನೂನುಬದ್ಧವಾಗಿ ಬಂದವರಿಗೆ ದೇಶಕ್ಕೆ ಬಂದ 60 ದಿನದೊಳಗೆ ಅಲ್ಲಿ ಅವಕಾಶ. ಇಲ್ಲಿಂದ ಕೊಂಡ ಪ್ರವಾಸ ವಿಮೆಯನ್ನೇ ನಂಬಿ ಅಲ್ಲಿ ಸಂಸಾರ ಹೂಡಬಾರದು. ಅದು ಪ್ರವಾಸಕ್ಕೆ ಮಾಡಿದ್ದು. ಹಳೆಯ ಕಾಯಿಲೆ, ಹೆರಿಗೆ ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ.

ಬೇರೆ ದೇಶಗಳ ಪದ್ಧತಿ ಬೇರೆ. ಬ್ರಿಟನ್ನಿನಲ್ಲಿ ವೀಸಾದ ಜೊತೆಗೇ ವರ್ಷಕ್ಕೆ ಸುಮಾರು ಸಾವಿರ ಪೌಂಡಿನಂತೆ ಕಟ್ಟಿಸಿಕೊಳ್ಳುತ್ತಾರೆ, ಆಮೇಲೆ ಅಲ್ಲಿಯ ಸರ್ಕಾರಿ ಆಸ್ಪತ್ರೆ ಅವಳಿಗೂ ಇದೆ. ಜರ್ಮನಿಯಲ್ಲಿ ಗಂಡ ಸರ್ಕಾರಿ ಪದ್ಧತಿಯ ವಿಮೆಯಲ್ಲಿದ್ದು, ಹೆಂಡತಿಗೆ ಸಂಪಾದನೆ ಇಲ್ಲದಿದ್ದರೆ ಅವಳು ಬೇರೆ ಹಣ ಕಟ್ಟಬೇಕಿಲ್ಲ. ದುಬೈಯಲ್ಲಿ ಹೆಂಡತಿಯನ್ನು ಕರೆಸಿಕೊಳ್ಳುವವನೇ ವಿಮೆ ಮಾಡಿಸಬೇಕು. ಕೆನಡಾದಲ್ಲಿ ಪ್ರಾಂತ್ಯಕ್ಕೊಂದು ನಿಯಮ. ಒಂಟಾರಿಯೊ 2020ರಲ್ಲಿ ಕಾಯುವ ಅವಧಿ ತೆಗೆದುಹಾಕಿತು. ಬ್ರಿಟಿಷ್ ಕೊಲಂಬಿಯಾದಲ್ಲಿ ಬಂದ ತಿಂಗಳು ಮುಗಿದ ಮೇಲೆ ಎರಡು ತಿಂಗಳು ಕಾಯಬೇಕು. ಆ ತೆರಪಿಗೆ ಅಲ್ಲಿಯವರೇ ಪ್ರತ್ಯೇಕ ವಿಮೆ ಕೊಳ್ಳುತ್ತಾರೆ.

ಹೊರದೇಶದವರು ಮದುವೆಯಾಗಿ ನಮ್ಮಲ್ಲಿಗೆ ಬಂದರೆ? ಆರು ತಿಂಗಳಿಗಿಂತ ಹೆಚ್ಚಿನ ವೀಸಾ ಇದ್ದರೆ ಸಾಮಾನ್ಯವಾಗಿ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಸಾಗರೋತ್ತರ ಭಾರತೀಯ ಕಾರ್ಡಿಗೆ, ಅಂದರೆ ಒ.ಸಿ.ಐ.ಗೆ, ಮದುವೆ ನೋಂದಣಿಯಾಗಿ ಎರಡು ವರ್ಷ ಆಗಿರಬೇಕು. ಬಡವರಿಗಾಗಿ ಇರುವ ನಮ್ಮ ಸರ್ಕಾರಿ ಕಾರ್ಡುಗಳನ್ನು ಅವರಿಗೆ ನೆಚ್ಚಿಕೊಳ್ಳುವಂತಿಲ್ಲ. ಇಲ್ಲಿ ನೆಲೆಸಿದ ವಿದೇಶಿಯರಿಗೆ ಪಾಲಿಸಿ ಕೊಡುವ ಭಾರತೀಯ ವಿಮಾ ಕಂಪನಿಗಳಿವೆ. ವೀಸಾ, ಪಾಸ್‌ಪೋರ್ಟು, ಇಲ್ಲಿಯ ವಿಳಾಸದ ಪುರಾವೆ ಕೇಳುತ್ತಾರೆ.

ಕೊನೆಯದಾಗಿ ಆಸ್ಪತ್ರೆಯ ಬಾಗಿಲಲ್ಲಿ ಏನು ಮಾಡಬೇಕು ಎಂಬುದು. ಗೋಣಿಕೊಪ್ಪಲಿನಿಂದ ಮೈಸೂರು ಸುಮಾರು 90 ಕಿಲೋಮೀಟರ್. ತಿತಿಮತಿ, ಆನೆಚೌಕೂರು ದಾಟಿ ಕಾಡಿನ ದಾರಿ. ದೊಡ್ಡ ಕಾಯಿಲೆಗೆ ಅಲ್ಲಿಗೇ ಓಡುವುದು ನಮ್ಮ ರೂಢಿ. ಆರೋಗ್ಯ ಕರ್ನಾಟಕದಡಿ ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ತುರ್ತು ಇದ್ದರೆ ಬೇಡ, ನೇರ ಹೋಗಬಹುದು. ಕಾರು ಹತ್ತುವ ಮೊದಲು 104ಕ್ಕೆ ಅಥವಾ 14555ಕ್ಕೆ ಫೋನು ಮಾಡಿ, ಹೋಗುವ ಆಸ್ಪತ್ರೆ ಯೋಜನೆಯಲ್ಲಿ ಇದೆಯೇ ಎಂದು ಕೇಳಿ. ಖಾಸಗಿ ಪಾಲಿಸಿಯ ನಗದುರಹಿತ ಚಿಕಿತ್ಸೆಗೆ ಅನುಮತಿ ಕೇಳಿದರೆ ಕಂಪನಿ ಒಂದು ಗಂಟೆಯಲ್ಲಿ ತೀರ್ಮಾನ ಹೇಳಬೇಕು. ಬಿಡುಗಡೆಯ ಹೊತ್ತಿಗೆ ಮೂರು ಗಂಟೆ. ಕ್ಲೇಮು ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ಮೊದಲು ಕಂಪನಿಗೇ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. 50 ಲಕ್ಷದವರೆಗಿನ ತಕರಾರನ್ನು ಅವರು ಕೇಳುತ್ತಾರೆ. ಶುಲ್ಕ ಇಲ್ಲ, ವಕೀಲರು ಬೇಡ. ವರ್ಷದೊಳಗೆ ಬರೆಯಬೇಕು.